ಸರ್ಕಾರದ ವಕಾಲತ್ತು ಯಾರ ಕೈಯಲ್ಲಿದೆ: ಕೃಷ್ಣೆಯ ದಂಡೆಯಿಂದ ಒಂದು ನೋಟ

ಬಾಗಲಕೋಟೆ ಜಿಲ್ಲೆಯ ಒಂದು ಸರ್ಕಾರಿ ಕಚೇರಿಯ ಅಂಗಳದಲ್ಲಿ ಕೆಲವು ವರ್ಷಗಳ ಹಿಂದೆ ಕಂಡ ದೃಶ್ಯ ಇನ್ನೂ ಕಣ್ಣಿನಿಂದ ಮರೆಯಾಗಿಲ್ಲ. ನ್ಯಾಯಾಲಯದ ಬೇಲಿಫ್ ಜಪ್ತಿ ವಾರಂಟ್ ಹಿಡಿದು ಬಂದಿದ್ದರು. ಅವರ ಹಿಂದೆ ಅರ್ಜಿದಾರ ರೈತರು, ರೈತರ ವಕೀಲರು, ಸಾಮಾನು ಹೇರಲು ಬಾಡಿಗೆಗೆ ತಂದ ಒಂದು ಟಂಟಂ. ಒಳಗಿನಿಂದ ಕುರ್ಚಿಗಳು, ಎರಡು ಕಂಪ್ಯೂಟರ್, ಒಂದು ಪ್ರಿಂಟರ್ ಒಂದೊಂದಾಗಿ ಹೊರಬಂದವು. ವೈರುಗಳನ್ನು ಸಿಬ್ಬಂದಿಯೇ ಬಿಡಿಸಿ ಸುತ್ತಿ ಕೊಟ್ಟರು, ಅವರಿಗೂ ಅದು ಮೊದಲ ಸಲವಾಗಿರಲಿಲ್ಲ. ಹಿನ್ನೀರಿನಲ್ಲಿ ಹೊಲ ಕಳೆದುಕೊಂಡು, ನ್ಯಾಯಾಲಯ ಹೇಳಿದ ಪರಿಹಾರ ಇನ್ನೂ ಕೈಗೆ ಸಿಗದ ಹಿರಿಯರೊಬ್ಬರು ಬೇವಿನ ಮರದ ಕಟ್ಟೆಯ ಮೇಲೆ ಕುಳಿತಿದ್ದರು. “ಈ ಖುರ್ಚಿ ತಗೊಂಡು ನಾ ಏನ್ ಮಾಡ್ಲಿರಿ, ನನ್ನ ರೊಕ್ಕ ಕೊಡ್ರಿ ಸಾಕು” ಎಂದು ಅವರು ಬೇಲಿಫರಿಗೆ ಹೇಳಿದರು. ಅಂದು ಮಧ್ಯಾಹ್ನವೇ ಅಧಿಕಾರಿಗಳು ನ್ಯಾಯಾಲಯದಲ್ಲಿ ಕಾಲಾವಕಾಶ ಕೇಳಿ ಕುರ್ಚಿಗಳನ್ನು ಬಿಡಿಸಿಕೊಂಡರು. ಹಿರಿಯರು ಬಂದ ಬಸ್ಸಿಗೇ ಊರಿಗೆ ಮರಳಿದರು.

ಬೆಳಗಾವಿ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳಲ್ಲಿ ಇಂಥ ಜಪ್ತಿಯ ಸುದ್ದಿ ಪತ್ರಿಕೆಯ ಸ್ಥಳೀಯ ಪುಟದಲ್ಲಿ ಆಗಾಗ ಬರುತ್ತದೆ, ಮರುದಿನ ಮರೆತುಹೋಗುತ್ತದೆ. ಆದರೆ ಜಪ್ತಿ ಎಂಬುದು ಏಕಾಏಕಿ ಬರುವ ಸಂಗತಿಯಲ್ಲ. ಸರ್ಕಾರದ ವಿರುದ್ಧ ಡಿಕ್ರಿ ಆದ ದಿನದಿಂದ ಮೂರು ತಿಂಗಳು ಹಣ ಸಂದಾಯವಾಗದೆ ಉಳಿದರೆ ಮಾತ್ರ ಅಮಲ್ಜಾರಿಗೆ, ಅಂದರೆ ಡಿಕ್ರಿಯನ್ನು ಬಲವಂತವಾಗಿ ಜಾರಿ ಮಾಡಿಸುವುದಕ್ಕೆ, ಅವಕಾಶ ಎಂದು ಸಿವಿಲ್ ಪ್ರಕ್ರಿಯಾ ಸಂಹಿತೆಯ 82ನೇ ಕಲಮು ಹೇಳುತ್ತದೆ. ಸಾಮಾನ್ಯ ಸಾಲಗಾರನಿಗೆ ಸಿಗದ ಈ ಬಿಡುವು ಸರ್ಕಾರಕ್ಕೆ ಸಿಕ್ಕಿದೆ. ಅದಕ್ಕೂ ಮುಂಚೆ ಪರಿಹಾರದ ಪ್ರಕರಣ ನ್ಯಾಯಾಲಯದಲ್ಲಿ ವರ್ಷಗಟ್ಟಲೆ ನಡೆದಿರುತ್ತದೆ. ಆ ಅವಧಿಯಲ್ಲೆಲ್ಲ ಸರ್ಕಾರದ ಪರವಾಗಿ ಯಾರು ನಿಂತಿದ್ದರು, ಅವರ ಕೈಗೆ ಯಾವ ಕಾಗದ ಸೇರಿತ್ತು, ಹಣ ಕಟ್ಟಬೇಕೋ ಮೇಲ್ಮನವಿ ಹೋಗಬೇಕೋ ಎಂಬುದನ್ನು ಯಾರು ಯಾವಾಗ ತೀರ್ಮಾನಿಸಿದರು ಎಂದು ಕೇಳಿದರೆ, ಕುರ್ಚಿ ಅಂಗಳಕ್ಕೆ ಬಂದ ಕಾರಣ ತಿಳಿಯುತ್ತದೆ. ನಮ್ಮ ಸಂವಿಧಾನ ಅಧಿಕಾರವನ್ನು ಕೇಂದ್ರ, ರಾಜ್ಯ, ಪಂಚಾಯತಿ ಎಂದು ಹಂಚಿ ಕೆಳಗಿಳಿಸಿದೆ. ಆ ಅಧಿಕಾರಕ್ಕೆ ಬೇಕಾದ ಕಾನೂನು ಸಲಹೆ ಮಾತ್ರ ಅದರ ಜೊತೆಗೆ ಇಳಿದು ಬರಲಿಲ್ಲ ಎಂಬುದು ನನ್ನ ವಾದ.

ಮೊದಲು ವ್ಯವಸ್ಥೆಯ ಚೌಕಟ್ಟನ್ನು ನೋಡೋಣ. ಸರ್ಕಾರ ದಾವೆ ಹೂಡಬಹುದು, ಸರ್ಕಾರದ ಮೇಲೂ ದಾವೆ ಹೂಡಬಹುದು ಎಂಬುದಕ್ಕೆ ಸಂವಿಧಾನದ 300ನೇ ವಿಧಿ ಆಧಾರ. ಕೇಂದ್ರಕ್ಕೆ ಸಲಹೆ ನೀಡಲು 76ನೇ ವಿಧಿಯಡಿ ಅಟಾರ್ನಿ ಜನರಲ್ ಇದ್ದರೆ, ಪ್ರತಿ ರಾಜ್ಯಕ್ಕೂ 165ನೇ ವಿಧಿಯಡಿ ಅಡ್ವೊಕೇಟ್ ಜನರಲ್ ಇದ್ದಾರೆ. ಹೈಕೋರ್ಟ್ ನ್ಯಾಯಮೂರ್ತಿಯಾಗಲು ಅರ್ಹರಾದವರನ್ನೇ ಈ ಹುದ್ದೆಗೆ ನೇಮಿಸಬೇಕು. ಅವರು ಮತ ಹಾಕುವ ಹಕ್ಕಿಲ್ಲದಿದ್ದರೂ ವಿಧಾನಮಂಡಲದಲ್ಲಿ ಮಾತನಾಡಬಲ್ಲರು. ಅವರ ಕೆಳಗೆ ಹೆಚ್ಚುವರಿ ಅಡ್ವೊಕೇಟ್ ಜನರಲ್‌ಗಳು, ಹೈಕೋರ್ಟಿನ ಸರ್ಕಾರಿ ವಕೀಲರು, ಜಿಲ್ಲೆಯಲ್ಲಿ ಜಿಲ್ಲಾ ಸರ್ಕಾರಿ ವಕೀಲರು, ಅವರ ಸಹಾಯಕರು ಬರುತ್ತಾರೆ. ಇವರ ನೇಮಕ ಮತ್ತು ಸೇವಾ ಷರತ್ತುಗಳಿಗೆ ಕರ್ನಾಟಕದಲ್ಲಿ 1977ರ ಕಾನೂನು ಅಧಿಕಾರಿಗಳ ನಿಯಮಗಳಿವೆ. ಕ್ರಿಮಿನಲ್ ಪ್ರಕರಣ ನಡೆಸುವ ಸರ್ಕಾರಿ ಅಭಿಯೋಜಕರದು ಬೇರೆಯೇ ದಾರಿ, ಅದು ಇಲ್ಲಿಯ ವಿಷಯವಲ್ಲ. ಬಡವರಿಗೆ ಉಚಿತ ನೆರವು ಕೊಡುವ ಕಾನೂನು ಸೇವಾ ಪ್ರಾಧಿಕಾರವೂ ಬೇರೆ. ಹೆಸರಿನ ಹೋಲಿಕೆಯಿಂದ ಅನೇಕರು ಎರಡನ್ನೂ ಒಂದೇ ಎಂದು ತಿಳಿಯುತ್ತಾರೆ.

ಹಂಚಿಹೋದ ಅಧಿಕಾರ ನೆಲದ ಮೇಲೆ ಹೇಗೆ ಕಾಣುತ್ತದೆ ಎಂಬುದಕ್ಕೆ ಆಲಮಟ್ಟಿಯ ಹಿನ್ನೀರಿನ ಒಂದು ಎಕರೆ ಹೊಲ ಸಾಕು. ನೀರು ಏಳನೇ ಅನುಸೂಚಿಯ ರಾಜ್ಯ ಪಟ್ಟಿಯ 17ನೇ ನಮೂದು. ಅಂತರರಾಜ್ಯ ನದಿಯ ನಿಯಂತ್ರಣ ಕೇಂದ್ರ ಪಟ್ಟಿಯ 56ನೇ ನಮೂದು. ಆಸ್ತಿ ಸ್ವಾಧೀನ ಸಮವರ್ತಿ ಪಟ್ಟಿಯ 42ನೇ ನಮೂದು. ಅಂದರೆ ಹೊಲವನ್ನು ಮುಳುಗಿಸುವ ನೀರು ಎಷ್ಟು ಎತ್ತರಕ್ಕೆ ನಿಲ್ಲಬೇಕು ಎಂಬುದನ್ನು ಅಂತರರಾಜ್ಯ ಜಲವಿವಾದದ ನ್ಯಾಯಮಂಡಳಿ ಹೇಳುತ್ತದೆ, ಪರಿಹಾರದ ಲೆಕ್ಕವನ್ನು ಸಂಸತ್ತಿನ ಕಾಯ್ದೆ ಹೇಳುತ್ತದೆ, ಸ್ವಾಧೀನದ ನೋಟಿಸನ್ನು ರಾಜ್ಯದ ವಿಶೇಷ ಭೂಸ್ವಾಧೀನಾಧಿಕಾರಿ ಕೊಡುತ್ತಾರೆ, ಹಣವನ್ನು 1994ರಲ್ಲಿ ಸ್ಥಾಪನೆಯಾದ ಕೃಷ್ಣಾ ಭಾಗ್ಯ ಜಲ ನಿಗಮ ಕೊಡಬೇಕು. ನಿಗಮ ಕಂಪನಿಯಾದ್ದರಿಂದ ಅದಕ್ಕೆ ಅದರದೇ ವಕೀಲರು, ರಾಜ್ಯಕ್ಕೆ ಸರ್ಕಾರಿ ವಕೀಲರು. ಭೂಮಿ ಪಡೆಯುವ ಸಂಸ್ಥೆಗೂ ಪರಿಹಾರದ ವಿಚಾರಣೆಯಲ್ಲಿ ತನ್ನ ಮಾತು ಹೇಳುವ ಹಕ್ಕಿದೆ ಎಂದು ಸುಪ್ರೀಂ ಕೋರ್ಟ್ 1994ರಲ್ಲೇ ಗ್ಯಾನ್ ದೇವಿ ಪ್ರಕರಣದಲ್ಲಿ ಹೇಳಿದ್ದು ಸರಿಯಾದುದೇ. ಆದರೆ ಇಬ್ಬರು ವಕೀಲರಿದ್ದಾಗ ಸಾಕ್ಷ್ಯವನ್ನು ಇನ್ನೊಬ್ಬರು ತರುತ್ತಾರೆಂದು ಇಬ್ಬರೂ ಕಾಯುವ ಅಪಾಯವೂ ಅದರೊಂದಿಗೇ ಬಂತು. ಹೊಲವನ್ನು ನೀರಾವರಿಗೆ ತೆಗೆದುಕೊಳ್ಳದೆ ಹೆದ್ದಾರಿಗೆ ತೆಗೆದುಕೊಂಡಿದ್ದರೆ ದಾರಿಯೇ ಬದಲಾಗುತ್ತದೆ. ಬೆಳಗಾವಿಯ ಹಲಗಾ–ಮಚ್ಛೆ ಬೈಪಾಸಿನಂಥ ಹೆದ್ದಾರಿ ಸ್ವಾಧೀನದಲ್ಲಿ ಪರಿಹಾರದ ತಕರಾರು 1956ರ ರಾಷ್ಟ್ರೀಯ ಹೆದ್ದಾರಿ ಕಾಯ್ದೆಯಂತೆ ಕೇಂದ್ರ ನೇಮಿಸಿದ ಮಧ್ಯಸ್ಥಗಾರರ ಮುಂದೆ ಹೋಗುತ್ತದೆ. ಒಂದೇ ತಾಲ್ಲೂಕಿನ ಇಬ್ಬರು ರೈತರು ಬೇರೆ ಬೇರೆ ಸರ್ಕಾರದ ಬೇರೆ ಬೇರೆ ವಕೀಲರನ್ನು ಎದುರಿಸಬೇಕಾಗುತ್ತದೆ.

ಈಗ ಕಡತದ ಪ್ರಯಾಣ. ನ್ಯಾಯಾಲಯದ ಸಮನ್ಸು ಮೊದಲು ಜಿಲ್ಲಾಧಿಕಾರಿ ಕಚೇರಿಗೆ ಬರುತ್ತದೆ. ಅಲ್ಲಿಂದ ಸಂಬಂಧಿಸಿದ ಇಲಾಖೆಗೆ, ಇಲಾಖೆಯಿಂದ ತಹಶೀಲ್ದಾರರಿಗೋ ಭೂಸ್ವಾಧೀನಾಧಿಕಾರಿಗೋ ಹೋಗುತ್ತದೆ. ಅವರು ಕಂಡಿಕೆವಾರು ಷರಾ ಬರೆದು ಕಳಿಸಬೇಕು. ಕಚೇರಿಗಳಲ್ಲಿ ಇದನ್ನು ‘ಪ್ಯಾರಾವೈಸ್’ ಎಂದಷ್ಟೇ ಕರೆಯುತ್ತಾರೆ. ದಾವೆಯ ಪ್ರತಿ ಕಂಡಿಕೆಗೂ ಇದು ನಿಜ, ಇದು ಸುಳ್ಳು, ಇದಕ್ಕೆ ದಾಖಲೆ ಇಂಥದ್ದು ಎಂದು ಬರೆದುಕೊಟ್ಟರೆ ಮಾತ್ರ ಸರ್ಕಾರಿ ವಕೀಲರು ಕೈಫಿಯತ್ತು, ಅಂದರೆ ದಾವೆಗೆ ಲಿಖಿತ ಉತ್ತರ, ಸಿದ್ಧಪಡಿಸಬಲ್ಲರು. ನಾನು ನೋಡಿದ ಒಂದು ಷರಾದಲ್ಲಿ ಹದಿನೇಳು ಕಂಡಿಕೆಗಳ ಎದುರಿಗೂ “ದಾಖಲೆಗೆ ಸಂಬಂಧಿಸಿದ್ದು” ಎಂಬ ಒಂದೇ ಮಾತಿತ್ತು. ಯಾವ ದಾಖಲೆ, ಅದು ಎಲ್ಲಿದೆ ಎಂಬುದಿರಲಿಲ್ಲ. ಅದನ್ನು ಬರೆದ ಗುಮಾಸ್ತರ ಮೇಲೆ ಸಿಟ್ಟು ಬರುವುದು ಸುಲಭ. ಅವರ ಮೇಜಿನ ಮೇಲೆ ಅಂದು ಪಹಣಿ ತಿದ್ದುಪಡಿ, ಬೆಳೆಹಾನಿ ಸಮೀಕ್ಷೆ, ಚುನಾವಣಾ ಪಟ್ಟಿ ಎಲ್ಲವೂ ಇದ್ದವು, ಮತ್ತು ಕಾನೂನು ಓದಿದವರು ಆ ಕಚೇರಿಯಲ್ಲಿ ಒಬ್ಬರೂ ಇರಲಿಲ್ಲ ಎಂಬುದನ್ನೂ ಹೇಳಬೇಕು. ವಕೀಲರು ಜಿಲ್ಲಾ ನ್ಯಾಯಾಲಯದಲ್ಲಿ, ದಾಖಲೆ ತಾಲ್ಲೂಕಿನ ಕಪಾಟಿನಲ್ಲಿ, ತೀರ್ಮಾನದ ಅಧಿಕಾರ ಬೆಂಗಳೂರಿನಲ್ಲಿ. ಇವುಗಳ ನಡುವೆ ಓಡಾಡಲು ಒಬ್ಬ ‘ಕೇಸ್ ವರ್ಕರ್’ ಮತ್ತು ಅವರ ಬಸ್ ಪಾಸು.

ದಾವೆ ಹುಟ್ಟುವ ಮೊದಲೇ ಅದನ್ನು ತಡೆಯಲು ಕಾನೂನಿನಲ್ಲಿ ಒಂದು ಸುಂದರವಾದ ಏರ್ಪಾಡಿದೆ. ಸರ್ಕಾರದ ಮೇಲೆ ದಾವೆ ಹೂಡುವವನು ಸಿವಿಲ್ ಪ್ರಕ್ರಿಯಾ ಸಂಹಿತೆಯ 80ನೇ ಕಲಮಿನಂತೆ ಎರಡು ತಿಂಗಳು ಮುಂಚೆ ನೋಟಿಸು ಕೊಡಬೇಕು. ತುರ್ತು ಪರಿಹಾರ ಬೇಕಾದಾಗ ಮಾತ್ರ ನ್ಯಾಯಾಲಯದ ಅನುಮತಿ ಪಡೆದು ನೋಟಿಸಿಲ್ಲದೆ ಹೋಗಬಹುದು. ಸರ್ಕಾರ ತನ್ನ ತಪ್ಪನ್ನು ತಾನೇ ನೋಡಿಕೊಂಡು, ಕೊಡುವುದನ್ನು ಕೊಟ್ಟು, ವ್ಯಾಜ್ಯ ತಪ್ಪಿಸಲಿ ಎಂಬುದು ಈ 60 ದಿನಗಳ ಉದ್ದೇಶ. ನೋಟಿಸಿಗೆ ಉತ್ತರವೇ ಹೋಗುವುದಿಲ್ಲ ಎಂಬುದನ್ನು ಗಮನಿಸಿದ ಸುಪ್ರೀಂ ಕೋರ್ಟ್, 2005ರ ಸೇಲಂ ವಕೀಲರ ಸಂಘದ ಪ್ರಕರಣದಲ್ಲಿ, ಉತ್ತರ ಕಳಿಸುವ ಹೊಣೆಯನ್ನು ಒಬ್ಬ ಅಧಿಕಾರಿಗೆ ವಹಿಸಬೇಕೆಂದು ಎಲ್ಲ ಸರ್ಕಾರಗಳಿಗೂ ನಿರ್ದೇಶಿಸಿ, ಅದಕ್ಕೆ ಮೂರು ತಿಂಗಳ ಗಡುವನ್ನೂ ಕೊಟ್ಟಿತು. ಎರಡು ದಶಕ ಕಳೆದರೂ ನಮ್ಮ ತಾಲ್ಲೂಕು ಕಚೇರಿಗಳಲ್ಲಿ ಹೆಚ್ಚಿನ ನೋಟಿಸುಗಳು ಆವಕ ವಹಿಯಲ್ಲಿ ಸಂಖ್ಯೆ ಪಡೆದು ಕಡತ ಸೇರುತ್ತವೆ ಎಂಬುದು ಇಲ್ಲಿಯ ವಕೀಲರೆಲ್ಲರ ಅನುಭವ. ಸರ್ಕಾರಿ ಕಾನೂನು ಸೇವೆಯಲ್ಲಿ ಅತ್ಯಂತ ಅಗ್ಗವಾದದ್ದು, ಅತ್ಯಂತ ಫಲ ಕೊಡುವಂಥದ್ದು ಈ ಉತ್ತರ. ಹೈಕೋರ್ಟಿನ ಒಂದು ಮೇಲ್ಮನವಿಗೆ ಆಗುವ ಖರ್ಚಿನಲ್ಲಿ ಇಂಥ ನೂರು ಉತ್ತರಗಳನ್ನು ಬರೆಯಬಹುದು.

ಭೂಸ್ವಾಧೀನದ ಪರಿಹಾರ ಹೆಚ್ಚಿಸಲು ಕೋರುವ ಪ್ರಕರಣಕ್ಕೆ ಈ ನೋಟಿಸು ಬೇಕಿಲ್ಲ, ಅದರ ಕಷ್ಟವೂ ಬೇರೆ. 1894ರ ಹಳೆಯ ಭೂಸ್ವಾಧೀನ ಕಾಯ್ದೆಯ 28ಎ ಕಲಮಿನಂತೆ, ಒಂದೇ ಅಧಿಸೂಚನೆಯಲ್ಲಿ ಭೂಮಿ ಕಳೆದುಕೊಂಡವರಲ್ಲಿ ಒಬ್ಬರಿಗೆ ನ್ಯಾಯಾಲಯ ದರ ಹೆಚ್ಚಿಸಿದರೆ, ನ್ಯಾಯಾಲಯಕ್ಕೆ ಹೋಗದೆ ಉಳಿದ ನೆರೆಯವರೂ ಮೂರು ತಿಂಗಳೊಳಗೆ ಅದೇ ದರ ಕೇಳಬಹುದು. ಅದರ ಜಾಗಕ್ಕೆ ಬಂದ 2013ರ ಭೂಸ್ವಾಧೀನ ಕಾಯ್ದೆಯ 73ನೇ ಕಲಮಿನಲ್ಲೂ ಇದೇ ಏರ್ಪಾಡಿದೆ, ಮತ್ತು ಅದು ನ್ಯಾಯವಾದದ್ದು: ಬದುವಿನ ಆಚೆ ಒಂದು ದರ, ಈಚೆ ಇನ್ನೊಂದು ದರ ಇರಬಾರದು. ಆದ್ದರಿಂದ ಒಂದು ಊರಿನ ಮೊದಲ ಪ್ರಕರಣವೇ ಇಡೀ ಊರಿನ ಪ್ರಕರಣ. ಆ ಮೊದಲ ಪ್ರಕರಣದಲ್ಲಿ ಸುತ್ತಲಿನ ಖರೀದಿ ಪತ್ರಗಳನ್ನು, ಬೆಳೆಯ ವಿವರವನ್ನು, ನೀರಾವರಿ ದಾಖಲೆಯನ್ನು ಸರ್ಕಾರದ ಕಡೆಯವರು ಸರಿಯಾಗಿ ಹಾಜರುಪಡಿಸದಿದ್ದರೆ ನ್ಯಾಯಾಧೀಶರು ರೈತನ ಸಾಕ್ಷ್ಯವೊಂದನ್ನೇ ನೋಡಿ ದರ ನಿಗದಿ ಮಾಡಬೇಕಾಗುತ್ತದೆ. ಆಮೇಲೆ ಸರ್ಕಾರ ಎಚ್ಚೆತ್ತು, ದರ ವಿಪರೀತವಾಯಿತೆಂದು ಒಂದೊಂದು ಪ್ರಕರಣದಲ್ಲೂ ಮೇಲ್ಮನವಿ ಹೂಡುತ್ತದೆ. ಪರಿಹಾರ ಹೆಚ್ಚಾದದ್ದರ ಬಗ್ಗೆ ನನಗೆ ಯಾವ ತಕರಾರೂ ಇಲ್ಲ. ಹೊಲ, ಮನೆ, ಹಿರಿಯರ ಗದ್ದುಗೆ, ಊರ ದೇವರ ಕಟ್ಟೆಯನ್ನು ನೀರಿಗೆ ಬಿಟ್ಟವರಿಗೆ ಕೊಟ್ಟದ್ದು ಯಾವಾಗಲೂ ಕಡಿಮೆಯೇ. ತಕರಾರಿರುವುದು ಮೊದಲ ದಿನ ಆಗಬೇಕಾದ ಲೆಕ್ಕ ಹತ್ತು ವರ್ಷದ ನಂತರ ಆಗುವುದರ ಬಗ್ಗೆ.

ಆ ಹತ್ತು ವರ್ಷದ ಬೆಲೆಯನ್ನು ಅಂಕಿಗಳಲ್ಲೇ ನೋಡಬಹುದು. ಹಳೆಯ ಕಾಯ್ದೆಯ 28ನೇ ಕಲಮಿನಂತೆ ಹೆಚ್ಚಾದ ಮೊತ್ತಕ್ಕೆ ಸ್ವಾಧೀನದ ದಿನದಿಂದ ಮೊದಲ ವರ್ಷ ಶೇ 9, ನಂತರ ಶೇ 15ರ ಬಡ್ಡಿ. ಹೆಚ್ಚಾದ ಮೊತ್ತ 10 ಲಕ್ಷ ರೂಪಾಯಿ ಎಂದಿಟ್ಟುಕೊಂಡರೆ ಮೊದಲ ವರ್ಷದ ಬಡ್ಡಿ 90 ಸಾವಿರ, ಉಳಿದ ಒಂಬತ್ತು ವರ್ಷಕ್ಕೆ 13.5 ಲಕ್ಷ, ಒಟ್ಟು 14.4 ಲಕ್ಷ. ಅಸಲಿಗಿಂತ ಬಡ್ಡಿಯೇ ಒಂದೂವರೆ ಪಟ್ಟಿನ ಹತ್ತಿರ ಹೋಗುತ್ತದೆ. ಭೂಮಿ ಕಳೆದುಕೊಂಡವನಿಗೆ ಕೊಡುವ ಶೇ 30ರ ಸಾಂತ್ವನ ಧನಕ್ಕೂ ಬಡ್ಡಿ ಸಲ್ಲುತ್ತದೆ ಎಂದು ಸುಪ್ರೀಂ ಕೋರ್ಟ್ 2001ರಲ್ಲಿ ಸುಂದರ್ ಪ್ರಕರಣದಲ್ಲಿ ಹೇಳಿದೆ. ಖಜಾನೆಯ ಯಾವ ಸಾಲಕ್ಕೂ ಇಷ್ಟು ಬಡ್ಡಿ ಇರುವುದಿಲ್ಲ. ರೈತನ ಕಡೆಯಿಂದ ನೋಡಿದರೂ ಇದು ಲಾಭವಲ್ಲ, ಏಕೆಂದರೆ ಆ ಹತ್ತು ವರ್ಷದಲ್ಲಿ ಅವನು ಕೊಳ್ಳಬೇಕೆಂದಿದ್ದ ಬದಲಿ ಹೊಲದ ದರ ಕೈಗೆ ನಿಲುಕದಷ್ಟು ಮೇಲೇರಿರುತ್ತದೆ.

ಮೇಲ್ಮನವಿಯ ತೀರ್ಮಾನದಲ್ಲಂತೂ ದಿನಗಳು ನೀರಿನಂತೆ ಹರಿದುಹೋಗುತ್ತವೆ. ಜಿಲ್ಲಾ ಸರ್ಕಾರಿ ವಕೀಲರ ಅಭಿಪ್ರಾಯ, ಇಲಾಖೆಯ ಟಿಪ್ಪಣಿ, ಕಾನೂನು ಇಲಾಖೆಯ ಮಂಜೂರಾತಿ, ಹೈಕೋರ್ಟ್ ಪೀಠದ ಸರ್ಕಾರಿ ವಕೀಲರಿಗೆ ಕಡತ ರವಾನೆ, ಹೀಗೆ ಕಡತ ನಾಲ್ಕು ಮೆಟ್ಟಿಲು ಹತ್ತಿ ಇಳಿಯುವಷ್ಟರಲ್ಲಿ ಕಾಲಮಿತಿ ಮೀರಿರುತ್ತದೆ. 2012ರಲ್ಲಿ ಅಂಚೆ ಇಲಾಖೆ 427 ದಿನ ತಡವಾಗಿ ಬಂದಾಗ, ಕಡತ ಮೇಜಿನಿಂದ ಮೇಜಿಗೆ ಹೋಗುತ್ತಿತ್ತು ಎಂಬ ಕಾರಣವನ್ನು ಇನ್ನು ಒಪ್ಪಲಾಗದು ಎಂದು ಸುಪ್ರೀಂ ಕೋರ್ಟ್ ಸ್ಪಷ್ಟವಾಗಿ ಹೇಳಿತು. 2020ರಲ್ಲಿ ಮಧ್ಯಪ್ರದೇಶ ಸರ್ಕಾರ 663 ದಿನ ತಡವಾಗಿ ಬಂದಾಗ 25 ಸಾವಿರ ರೂಪಾಯಿ ದಂಡ ಹಾಕಿ, ಇಂಥವುಗಳನ್ನು ‘ಪ್ರಮಾಣಪತ್ರದ ಪ್ರಕರಣ’ ಎಂದು ಕರೆಯಿತು: ಸುಪ್ರೀಂ ಕೋರ್ಟಿನಿಂದ ‘ವಜಾ’ ಎಂಬ ಕಾಗದ ತಂದು ಕಡತ ಮುಚ್ಚುವುದಕ್ಕಾಗಿಯೇ ಹೂಡುವ ಪ್ರಕರಣ. ಈ ಮಾತು ಸಮಸ್ಯೆಯ ಬೇರನ್ನು ಮುಟ್ಟುತ್ತದೆ. ‘ಇದರಲ್ಲಿ ಮೇಲ್ಮನವಿ ಬೇಡ, ಹಣ ಕಟ್ಟೋಣ’ ಎಂದು ಬರೆದು ಸಹಿ ಹಾಕುವ ಅಧಿಕಾರಿಗೆ ನಾಳೆ ಲೆಕ್ಕಪರಿಶೋಧನೆಯ ಆಕ್ಷೇಪವೋ ಇಲಾಖಾ ವಿಚಾರಣೆಯೋ ಬಂದೀತೆಂಬ ಭಯ. ಮೇಲ್ಮನವಿಗೆ ಶಿಫಾರಸು ಮಾಡಿದವರಿಗೆ ಆ ಭಯವಿಲ್ಲ. ಹೀಗಾಗಿ ಸೋಲುವ ಪ್ರಕರಣವೂ ಮೇಲಕ್ಕೆ ಹೋಗುತ್ತದೆ. 2013ರ ಕಾಯ್ದೆಯ 74ನೇ ಕಲಮು ಹೈಕೋರ್ಟಿಗೆ ಹೋಗಲು 60 ದಿನ, ತಕ್ಕ ಕಾರಣವಿದ್ದರೆ ಇನ್ನೂ 60 ದಿನ ಎನ್ನುತ್ತದೆ. ಈಗಿನ ನಡಿಗೆಯ ಕಡತಕ್ಕೆ ಅದು ಮಂಜೂರಾತಿಯ ಒಂದು ಮೆಟ್ಟಿಲಿಗೂ ಸಾಲದು.

ಇದರ ಜೊತೆಗೆ ನಮ್ಮ ಭಾಗಕ್ಕೇ ಸೀಮಿತವಾದ ಒಂದು ತೊಡಕಿದೆ. 2008ರ ಜುಲೈನಲ್ಲಿ ಸಂಚಾರಿ ಪೀಠಗಳಾಗಿ ಆರಂಭವಾಗಿ 2013ರಲ್ಲಿ ಕಾಯಂ ಆದ ಹೈಕೋರ್ಟ್ ಪೀಠಗಳಲ್ಲಿ ಬೆಳಗಾವಿ, ಬಾಗಲಕೋಟೆ ಜಿಲ್ಲೆಗಳು ಧಾರವಾಡಕ್ಕೂ ವಿಜಯಪುರ ಕಲಬುರಗಿಗೂ ಸೇರಿವೆ. ಆಲಮಟ್ಟಿ ಅಣೆಕಟ್ಟು ನಿಂತಿರುವುದು ವಿಜಯಪುರ ಜಿಲ್ಲೆಯ ನೆಲದಲ್ಲಿ, ಬಾಗಲಕೋಟೆಯ ಹಳೆಯ ಊರನ್ನು ಮುಳುಗಿಸಿದ್ದು ಅದೇ ಹಿನ್ನೀರು. ಒಂದೇ ಯೋಜನೆಯ, ಒಂದೇ ಬಗೆಯ ಎರೆಮಣ್ಣಿನ, ಹೊಳೆಯ ಆ ದಂಡೆ ಈ ದಂಡೆಯ ಹೊಲಗಳ ಪ್ರಕರಣಗಳು ಎರಡು ಪೀಠಗಳಲ್ಲಿ, ಎರಡು ಬೇರೆ ಸರ್ಕಾರಿ ವಕೀಲರ ತಂಡಗಳ ಕೈಯಲ್ಲಿ ನಡೆಯುತ್ತವೆ. ಜನರಿಗೆ ನ್ಯಾಯಾಲಯ ಹತ್ತಿರವಾದದ್ದು ಬಹು ದೊಡ್ಡ ಉಪಕಾರ, ಅದಕ್ಕಾಗಿ ವಕೀಲರು ಮತ್ತು ಜನರು ನಡೆಸಿದ ಹೋರಾಟವನ್ನು ಈ ಭಾಗ ಮರೆಯುವುದಿಲ್ಲ. ಆದರೆ ಎರಡೂ ಕಡೆ ಸರ್ಕಾರ ಒಂದೇ ನಿಲುವು ತಾಳುವಂತೆ ನೋಡಿಕೊಳ್ಳುವ ಕೊಂಡಿ ಬೇಕಿತ್ತು.

ದೊಡ್ಡ ವ್ಯಾಜ್ಯಗಳಲ್ಲಿ ಇದೇ ರಾಜ್ಯ ಬೇರೆಯಾಗಿಯೇ ನಡೆದುಕೊಳ್ಳುತ್ತದೆ. ಬೆಳಗಾವಿಯ ಮೇಲೆ ಹಕ್ಕು ಸಾಧಿಸಲು ಮಹಾರಾಷ್ಟ್ರ 2004ರಲ್ಲಿ ಸುಪ್ರೀಂ ಕೋರ್ಟಿನಲ್ಲಿ 131ನೇ ವಿಧಿಯಡಿ ಮೂಲದಾವೆ ಹೂಡಿದಾಗಿನಿಂದ, ರಾಜ್ಯದ ಗಡಿ ಬದಲಿಸುವುದು ಸಂಸತ್ತಿನ ಕೆಲಸ, ನ್ಯಾಯಾಲಯದ್ದಲ್ಲ ಎಂಬ ವಾದವನ್ನು ಕರ್ನಾಟಕ ಹಿರಿಯ ವಕೀಲರ ತಂಡ ಕಟ್ಟಿ ಎತ್ತಿ ಹಿಡಿದಿದೆ. ಮಹದಾಯಿ ನ್ಯಾಯಮಂಡಳಿ 2018ರ ಆಗಸ್ಟ್ 14ರಂದು ರಾಜ್ಯಕ್ಕೆ 13.42 ಟಿಎಂಸಿ ನೀರು ಹಂಚಿತು; ಅದರ ಹಿಂದೆಯೂ ಎಂಜಿನಿಯರರು ಮತ್ತು ವಕೀಲರು ಒಟ್ಟಿಗೆ ಕುಳಿತು ವರ್ಷಗಟ್ಟಲೆ ಸಿದ್ಧಪಡಿಸಿದ ದಾಖಲೆಗಳಿವೆ. ಖಾನಾಪುರ ತಾಲ್ಲೂಕಿನ ಕಣಕುಂಬಿಯ ಮಹದಾಯಿ ನೀರಿಗೆ ಸಿಕ್ಕ ಈ ಸಿದ್ಧತೆ ಅದೇ ತಾಲ್ಲೂಕಿನ ಒಂದು ಗೋಮಾಳದ ದಾವೆಗೂ ಸಿಗಬೇಕೆಂದು ಕೇಳುವುದು ಅತಿಯಾಸೆಯಲ್ಲ.

ಅಧಿಕಾರ ಹಂಚಿಕೊಂಡ ಬೇರೆ ದೇಶಗಳಲ್ಲಿ ಇದಕ್ಕೆ ಬೇರೆ ಉತ್ತರಗಳಿವೆ. 1998ರ ಕಾಯ್ದೆಯಿಂದ ತನ್ನದೇ ಸಂಸತ್ತು ಪಡೆದ ಸ್ಕಾಟ್ಲೆಂಡಿನಲ್ಲಿ ಸರ್ಕಾರಿ ವಕೀಲರು ಕಾಯಂ ನೌಕರರು; ಇಲಾಖೆಯ ನಿರ್ಧಾರ ಹೊರಬೀಳುವ ಮೊದಲೇ ಅವರು ಕಡತ ನೋಡುತ್ತಾರೆ. ಸ್ವಾತಂತ್ರ್ಯದ ಜನಮತಗಣನೆ ನಡೆಸುವ ಅಧಿಕಾರ ತಮ್ಮ ಸಂಸತ್ತಿಗೆ ಇದೆಯೇ ಎಂದು ಅಲ್ಲಿನ ಲಾರ್ಡ್ ಅಡ್ವೊಕೇಟ್ ಅವರೇ ಬ್ರಿಟನ್ನಿನ ಸುಪ್ರೀಂ ಕೋರ್ಟನ್ನು ಕೇಳಿದರು. 2022ರ ನವೆಂಬರ್ 23ರಂದು ಇಲ್ಲ ಎಂಬ ಉತ್ತರ ಬಂತು. ನಮ್ಮಲ್ಲಿ ಹಾಗೆ ಅಭಿಪ್ರಾಯ ಕೇಳುವ ಅವಕಾಶ 143ನೇ ವಿಧಿಯಡಿ ರಾಷ್ಟ್ರಪತಿಗೆ ಮಾತ್ರ. ರಾಜ್ಯ ದಾವೆಯನ್ನೇ ಹೂಡಬೇಕು. ಅವರ ಪದ್ಧತಿಯನ್ನು ಇಲ್ಲಿ ತಂದು ಹಚ್ಚಲಾಗದು. ಆದರೂ ಸಲಹೆ ನಿರ್ಧಾರಕ್ಕಿಂತ ಮುಂಚೆ ಬರಬೇಕು ಎಂಬ ಕ್ರಮ ತಾಲ್ಲೂಕು ಕಚೇರಿಗೂ ಸಲ್ಲುತ್ತದೆ.

ಎಲ್ಲಕ್ಕಿಂತ ಬರಿಗೈಯಲ್ಲಿರುವುದು ಗ್ರಾಮ ಪಂಚಾಯತಿ. 73ನೇ ತಿದ್ದುಪಡಿ 1993ರ ಏಪ್ರಿಲ್ 24ರಂದು ಜಾರಿಗೆ ಬಂತು, ಅದೇ ವರ್ಷ ನಮ್ಮ ಪಂಚಾಯತ್ ರಾಜ್ ಕಾಯ್ದೆಯೂ ಬಂತು. ಪಂಚಾಯತಿ ತನ್ನ ಹೆಸರಿನಲ್ಲಿ ದಾವೆ ಹೂಡಬಲ್ಲ, ದಾವೆ ಎದುರಿಸಬಲ್ಲ ನಿಗಮಿತ ಸಂಸ್ಥೆ. ಆದರೆ ಜಿಲ್ಲಾ ಸರ್ಕಾರಿ ವಕೀಲರು ರಾಜ್ಯ ಸರ್ಕಾರದ ವಕೀಲರು, ಪಂಚಾಯತಿಯವರಲ್ಲ. ಪಂಚಾಯತಿಯ ಆಸ್ತಿ ದಾಖಲೆಯಾದ ಇ-ಸ್ವತ್ತಿನ ನಮೂನೆ 9ರಲ್ಲಿ ಯಾರದೋ ಹೆಸರು ತಪ್ಪಾಗಿ ಬಂದು, ಸಾರ್ವಜನಿಕ ದಾರಿಯ ಮೇಲೆ ಗೋಡೆ ಎದ್ದು, ಪಂಚಾಯತಿ ಅದನ್ನು ತೆಗೆಸಲು ಹೋದರೆ ಮರುದಿನವೇ ತಡೆಯಾಜ್ಞೆಯ ನೋಟಿಸು ಬರುತ್ತದೆ. ಪಂಚಾಯತಿ ಅಭಿವೃದ್ಧಿ ಅಧಿಕಾರಿ (ಪಿಡಿಒ) ತಮ್ಮ ಬೈಕಿನಲ್ಲಿ ತಾಲ್ಲೂಕಿಗೆ ಹೋಗಿ, ಪರಿಚಯದ ವಕೀಲರನ್ನು ಹುಡುಕಿ, ಕರ ವಸೂಲಿಯಿಂದ ಬಂದ ಅಲ್ಪ ಹಣದಲ್ಲಿ ಶುಲ್ಕ ಕೊಟ್ಟು ವಕಾಲತ್ತು ಹಾಕಿಸಬೇಕು. ಅವರಿಗೆ ವರ್ಗವಾದರೆ ಮುಂದಿನ ತಾರೀಖು ಯಾರಿಗೂ ನೆನಪಿರುವುದಿಲ್ಲ. ಹೀಗೆ ಏಕಪಕ್ಷೀಯ ಡಿಕ್ರಿಯಾಗಿ ಊರ ಸ್ಮಶಾನದ ದಾರಿಯೇ ಹೋದ ಉದಾಹರಣೆಯನ್ನು ನಾನು ಬಲ್ಲೆ. ಆ ಊರಿನಲ್ಲಿ ಇಂದಿಗೂ ಹೆಣ ಹೊತ್ತವರು ಬೆಳೆದು ನಿಂತ ಕಬ್ಬಿನ ಗದ್ದೆಯನ್ನು ಸುತ್ತಿ ಹೋಗುತ್ತಾರೆ. ಪ್ರತಿ ತಾಲ್ಲೂಕು ಪಂಚಾಯತಿಯಲ್ಲಿ ಆ ತಾಲ್ಲೂಕಿನ ಎಲ್ಲ ಗ್ರಾಮ ಪಂಚಾಯತಿಗಳಿಗೂ ಸೇರಿ ಸಂಬಳದ ಒಬ್ಬ ಕಾನೂನು ಅಧಿಕಾರಿ ಇದ್ದರೂ ಇದರಲ್ಲಿ ಬಹುಪಾಲು ತಪ್ಪುತ್ತಿತ್ತು.

ಸರ್ಕಾರಿ ವಕೀಲರ ನೇಮಕದ ಬಗ್ಗೆಯೂ ಒಂದು ಮಾತು. ಸಾರ್ವಜನಿಕ ಹಣ ಪಡೆಯುವ ಈ ಹುದ್ದೆಗಳಿಗೆ ಯೋಗ್ಯತೆಯ ಆಧಾರದಲ್ಲಿ, ನ್ಯಾಯಸಮ್ಮತ ವಿಧಾನದಲ್ಲಿ ಆಯ್ಕೆ ನಡೆಯಬೇಕೆಂದು ಸುಪ್ರೀಂ ಕೋರ್ಟ್ 2016ರಲ್ಲಿ ಪಂಜಾಬಿನ ಬ್ರಿಜೇಶ್ವರ್ ಸಿಂಗ್ ಚಾಹಲ್ ಪ್ರಕರಣದಲ್ಲಿ ಹೇಳಿದೆ. ಸರ್ಕಾರ ಬದಲಾದೊಡನೆ ವಕೀಲರೂ ಬದಲಾಗುವ ರೂಢಿ ಅದರಿಂದ ನಿಂತಿಲ್ಲ. ಹತ್ತು ವರ್ಷದ ಒಂದು ಪ್ರಕರಣ ಮೂರು ನಾಲ್ಕು ವಕೀಲರ ಕೈ ದಾಟುತ್ತದೆ, ದಾಟುವಾಗಲೆಲ್ಲ ಕಡತದಿಂದ ಒಂದಷ್ಟು ಕಾಗದ ಉದುರುತ್ತದೆ. ಹಾಗಿದ್ದರೂ ಜಿಲ್ಲಾ ನ್ಯಾಯಾಲಯದಲ್ಲಿ, ತಮ್ಮ ಮನೆಯ ಪ್ರಿಂಟರಿನಲ್ಲಿ ಸರ್ಕಾರದ ಕೈಫಿಯತ್ತು ಮುದ್ರಿಸಿ ತರುವ ನಿಷ್ಠಾವಂತ ಸರ್ಕಾರಿ ವಕೀಲರನ್ನೂ ನಾನು ಕಂಡಿದ್ದೇನೆ. ಸರ್ಕಾರಿ ವ್ಯಾಜ್ಯ ನಿರ್ವಹಣೆಗಾಗಿಯೇ ರಾಜ್ಯ ವಿಧಾನಮಂಡಲ 2023ರಲ್ಲಿ ಒಂದು ಕಾಯ್ದೆ ಮಾಡಿತು. ಅದು ತಾಲ್ಲೂಕಿನ ಆ ಕಪಾಟಿನವರೆಗೆ ತಲುಪಿದಾಗ ಮಾತ್ರ ಕೆಲಸಕ್ಕೆ ಬರುತ್ತದೆ.

ಈ ಮಾತುಗಳೆಲ್ಲ ಇಂದು ತುರ್ತಾಗಿರುವುದಕ್ಕೆ ಕಾರಣ ಕೃಷ್ಣಾ ಮೇಲ್ದಂಡೆ ಯೋಜನೆಯ ಮೂರನೇ ಹಂತ. ಆಲಮಟ್ಟಿಯ ನೀರಿನ ಮಟ್ಟವನ್ನು 519.60 ಮೀಟರಿನಿಂದ 524.256 ಮೀಟರಿಗೆ ಏರಿಸಲು ಎರಡನೇ ಕೃಷ್ಣಾ ನ್ಯಾಯಮಂಡಳಿ 2010ರ ಡಿಸೆಂಬರ್ 30ರ ತೀರ್ಪಿನಲ್ಲಿ ಒಪ್ಪಿತು. ಸುಪ್ರೀಂ ಕೋರ್ಟಿನಲ್ಲಿರುವ ಪ್ರಕರಣದಿಂದಾಗಿ ಅದರ ಅಧಿಸೂಚನೆ ಹೊರಬಿದ್ದಿಲ್ಲ, ಸಾಂಗ್ಲಿ–ಕೊಲ್ಹಾಪುರದ ಪ್ರವಾಹದ ಮಾತೆತ್ತಿ ಮಹಾರಾಷ್ಟ್ರವೂ ಆಕ್ಷೇಪಿಸಿದೆ. 2025ರ ಸೆಪ್ಟೆಂಬರ್‌ನಲ್ಲಿ ರಾಜ್ಯ ಸಚಿವ ಸಂಪುಟ ಮುಳುಗಡೆಯ ನೀರಾವರಿ ಭೂಮಿಗೆ ಎಕರೆಗೆ 40 ಲಕ್ಷ, ಒಣ ಬೇಸಾಯದ ಭೂಮಿಗೆ 30 ಲಕ್ಷ ರೂಪಾಯಿಯಂತೆ ಒಪ್ಪಿಗೆಯ ಐತೀರ್ಪಿನ (ರೈತ ಒಪ್ಪಿ ಪಡೆಯುವ ಪರಿಹಾರದ ಆದೇಶದ) ದರ ಗೊತ್ತುಪಡಿಸಿತು. ಮುಳುಗಡೆಗೆ ಬೇಕಾದದ್ದೇ 75,563 ಎಕರೆ. ಒಪ್ಪಿಗೆ ಕೊಡುವಾಗ ತಾನು ಮುಂದೆ ನ್ಯಾಯಾಲಯಕ್ಕೆ ಹೋಗುವ ದಾರಿಯನ್ನು ಬಿಟ್ಟುಕೊಡುತ್ತಿದ್ದೇನೆ ಎಂಬುದನ್ನು ರೈತ ತಿಳಿದೇ ಸಹಿ ಹಾಕಬೇಕು. ವಾರಸುದಾರರೆಲ್ಲರ ಸಹಿ, ಪಹಣಿಯ ಕಾಲಂ, ಬಾವಿ–ಪೈಪ್‌ಲೈನ್–ಗಿಡಮರಗಳ ಪಟ್ಟಿ ಅಂದೇ ಸರಿಯಾಗಬೇಕು. ಇಷ್ಟು ಎಕರೆಗೆ ಈ ಕೆಲಸ ಮಾಡಲು ಕಾನೂನು ಬಲ್ಲವರು ಪ್ರತಿ ಭೂಸ್ವಾಧೀನ ಕಚೇರಿಯಲ್ಲೂ ಕುಳಿತಿರಬೇಕು, ಧಾರವಾಡ–ಕಲಬುರಗಿ ಎರಡೂ ಪೀಠಗಳ ಪ್ರಕರಣಗಳನ್ನು ಒಂದೇ ಪಟ್ಟಿಯಲ್ಲಿ ನೋಡುವವರೊಬ್ಬರು ಇರಬೇಕು, ಮತ್ತು ಒಂದು ನಿಗದಿತ ಮೊತ್ತದೊಳಗಿನ ಪ್ರಕರಣದಲ್ಲಿ ಮೇಲ್ಮನವಿ ಬೇಡವೆಂದು ಬರೆಯುವ ಅಧಿಕಾರ ಜಿಲ್ಲೆಗೇ ಬರಬೇಕು.

ಬೆಳಗಾವಿಯ ಸುವರ್ಣ ವಿಧಾನಸೌಧದಲ್ಲಿ ಚಳಿಗಾಲದ ಅಧಿವೇಶನ ಸೇರಿದಾಗ ಈ ಮೂರು ಜಿಲ್ಲೆಗಳ ಶಾಸಕರು ಒಂದು ಲಿಖಿತ ಪ್ರಶ್ನೆ ಕೇಳಲಿ: ನಮ್ಮ ಜಿಲ್ಲೆಗಳಲ್ಲಿ ಅಂತಿಮ ಡಿಕ್ರಿಯಾಗಿ ಮೂರು ತಿಂಗಳು ದಾಟಿದ ಪರಿಹಾರ ಪ್ರಕರಣಗಳೆಷ್ಟು, ಅವುಗಳ ಮೇಲೆ ದಿನಕ್ಕೆ ಏರುತ್ತಿರುವ ಬಡ್ಡಿ ಎಷ್ಟು, ಕಳೆದ ವರ್ಷ ಬಂದ 80ನೇ ಕಲಮಿನ ನೋಟಿಸುಗಳಲ್ಲಿ ಎಷ್ಟಕ್ಕೆ 60 ದಿನದೊಳಗೆ ಉತ್ತರ ಹೋಗಿದೆ? ಉತ್ತರವನ್ನು ತಾಲ್ಲೂಕುವಾರು ಕೊಡಲಿ. ಬೇವಿನ ಕಟ್ಟೆಯ ಮೇಲೆ ಕುಳಿತಿದ್ದ ಆ ಹಿರಿಯರ ಊರಿನ ಹೆಸರೂ ಆ ಪಟ್ಟಿಯಲ್ಲಿ ಬರುತ್ತದೆ.